ಮ್ಯಾಲಮ್‌ಗೆ ಹೋಗೋರು ಮೊದಲು ನೀರು ನೋಡಿ, ದಾರಿ ಆಮೇಲೆ

ಮೇ ತಿಂಗಳು ಬಂತು ಅಂದ್ರೆ ನನಗೆ ವಾಟ್ಸಾಪಲ್ಲಿ ಒಂದೇ ಥರದ ಮೆಸೇಜ್ ಶುರುವಾಗತ್ತೆ. "ಅಣ್ಣಾ, ಮ್ಯಾಲಮ್‌ಗೆ ಹೋಗೋಣ ಅಂತಿದೀವಿ, ಊರಿಂದ ಅಪ್ಪ ಅಮ್ಮ ಬಂದಿದಾರೆ, ಮಕ್ಕಳೂ ಇದಾರೆ, ಎಷ್ಟು ನಡೀಬೇಕು, ಕಷ್ಟನಾ?" ಅಂತ. ಪ್ರತಿ ಸಲ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಸಾಕಾಗಿ ಈಗ ಒಂದೇ ಸಲ ಕೂತು ಬರೀತಿದೀನಿ. ಲೀಡ್ಸ್, ಬ್ರಾಡ್‌ಫರ್ಡ್, ಮ್ಯಾಂಚೆಸ್ಟರ್ ಕಡೆ ಇರೋ ನಮ್ಮೋರಿಗೆ ಇದು ಜಾಸ್ತಿ ಉಪಯೋಗ, ಲಂಡನ್‌ನಿಂದ ಬರೋರು ಒಂದು ರಾತ್ರಿ ಇಲ್ಲೇ ಎಲ್ಲಾದ್ರೂ ಉಳ್ಕೊಂಡ್ರೆ ಒಳ್ಳೇದು.

ಜಾಗ ಯಾವ್ದು ಅಂತ ಗೊತ್ತಿಲ್ದೋರಿಗೆ: ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಶೈರ್ ಡೇಲ್ಸ್ ಅಂತ ನ್ಯಾಷನಲ್ ಪಾರ್ಕ್ ಇದೆ, 1954ರಲ್ಲಿ ಮಾಡಿದ್ದು. ಅದರ ದಕ್ಷಿಣ ಭಾಗದಲ್ಲಿರೋ ಪುಟ್ಟ ಹಳ್ಳಿ ಮ್ಯಾಲಮ್. ಹಳ್ಳಿಯಿಂದ ನಡೆದು ಹೋಗೋ ದೂರದಲ್ಲೇ ಒಂದು ಅಬ್ಬಿ, ಒಂದು ಭಯಂಕರ ಕಮರಿ, ಒಂದು ಕೆರೆ, ಒಂದು ಒಣಗಿದ ಕಣಿವೆ, ಆಮೇಲೆ 80 ಮೀಟರ್ ಎತ್ತರ 300 ಮೀಟರ್ ಅಗಲದ ಬಿಳಿ ಬಂಡೆಗೋಡೆ. ಎಲ್ಲಾ ಸುಣ್ಣದ ಕಲ್ಲು. ನಾನು ಶಿರಸಿ ಕಡೆಯವನು, ಚಿಕ್ಕಂದಿನಲ್ಲಿ ಯಾಣಕ್ಕೆ ನಡ್ಕೊಂಡು ಹೋದವನು, "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ಅಜ್ಜಿ ಹೇಳ್ತಿದ್ದಿದ್ದು ಇನ್ನೂ ಕಿವಿಯಲ್ಲಿದೆ. ಯಾಣದ ಆ ಕಪ್ಪು ಬಂಡೆಗಳೂ ಸುಣ್ಣದ ಕಲ್ಲೇ, ಪಕ್ಕದ ವಿಭೂತಿ ಫಾಲ್ಸ್‌ಗೆ ಆ ಹೆಸರು ಬಂದಿದ್ದೂ ಅಲ್ಲಿನ ಸುಣ್ಣದ ಕಲ್ಲಿಂದ ಅಂತಾರೆ. ಹಂಗಾಗಿ ಮ್ಯಾಲಮ್ ಮೊದಲ ಸಲ ನೋಡಿದಾಗ ಯಾಣಕ್ಕೆ ಯಾರೋ ಸುಣ್ಣ ಬಳಿದು ಕಾಡು ತೆಗೆದು ಕುರಿ ಬಿಟ್ಟಂಗೆ ಅನ್ನಿಸ್ತು.

ಈಗ ವಿಷಯಕ್ಕೆ ಬರೋಣ.

ಹೊರಡೋ ಮುಂಚೆ

ಇಲ್ಲಿಗೆ ಹೋಗೋಕೆ ಎಲ್ಲಕ್ಕಿಂತ ಮೊದಲು ನೋಡ್ಬೇಕಾಗಿದ್ದು ಮಳೆ. ಅವತ್ತಿನ ಮಳೆ ಮಾತ್ರ ಅಲ್ಲ, ಹಿಂದಿನ ಎರಡು ದಿನದ್ದೂ ನೋಡಿ. ಯಾಕೆ ಅಂದ್ರೆ ಸುಣ್ಣದ ಕಲ್ಲಿನ ಸೀಮೆಯಲ್ಲಿ ನೀರಿನ ಲೆಕ್ಕಾನೇ ಬೇರೆ. ಮಳೆನೀರು ಸ್ವಲ್ಪ ಹುಳಿ ಇರತ್ತೆ, ಗಾಳಿ ಮಣ್ಣಿನಲ್ಲಿರೋ ಕಾರ್ಬನ್ ಡೈ ಆಕ್ಸೈಡ್ ಸೇರ್ಕೊಂಡು, ಅದು ಕಲ್ಲಿನ ಬಿರುಕಲ್ಲಿ ಇಳ್ದು ಇಳ್ದು ಕಲ್ಲನ್ನೇ ಕರಗಿಸಿ ಒಳಗೆಲ್ಲಾ ದಾರಿ ಮಾಡ್ಕೊಂಡಿದೆ, ಅದಕ್ಕೇ ಮೇಲ್ಗಡೆ ಹೊಳೆ ಇರ್ಬೇಕಾದ ಜಾಗ ಒಣಗಿರತ್ತೆ, ಎಲ್ಲೋ ಕೆಳಗಡೆ ಬಂಡೆ ಬುಡದಿಂದ ಹೊಳೆ ಪುಸಕ್ಕಂತ ಹೊರಗೆ ಬರತ್ತೆ. ಮಾಮೂಲಿ ದಿನ ಎಲ್ಲಾ ಶಾಂತ. ಆದ್ರೆ ನೆಲ ಪೂರ್ತಿ ನೀರು ಕುಡಿದ ಮೇಲೆ ಜೋರು ಮಳೆ ಬಂತು ಅಂದ್ರೆ ಒಳಗಿನ ದಾರಿ ಸಾಲಲ್ಲ, ನೀರು ಹಳೇ ದಾರೀಲೇ ಬರತ್ತೆ. 2015ರ ಡಿಸೆಂಬರ್ 6ಕ್ಕೆ ಡೆಸ್ಮಂಡ್ ಅನ್ನೋ ಬಿರುಗಾಳಿ ಬಂದಾಗ ಆ 80 ಮೀಟರ್ ಗೋಡೆ ಮೇಲಿಂದ ನೀರು ಜಲಪಾತ ಆಗಿ ಬಿತ್ತು, ಈಗಿನ ಕಾಲದ ಜನ ಯಾರೂ ಅದುವರೆಗೆ ಅಂಥದ್ದು ನೋಡಿರ್ಲಿಲ್ಲ. ಹಿಮಯುಗ ಮುಗಿಯೋ ಹೊತ್ತಿಗೆ, ಸಾವಿರಾರು ವರ್ಷದ ಹಿಂದೆ, ನೆಲ ಇನ್ನೂ ಹೆಪ್ಪುಗಟ್ಟಿದ್ದಾಗ ಕರಗಿದ ನೀರು ಹಂಗೇ ಬೀಳ್ತಿತ್ತಂತೆ, ಆ ಗೋಡೆಗೆ ಈಗಿರೋ ಕಮಾನಿನ ಆಕಾರ ಬಂದಿದ್ದೇ ಆ ನೀರಿಂದ.

ಹಂಗಾಗಿ ಇಲ್ಲಿನ ಹವಾಮಾನ ಇಲಾಖೆಯ ಮೆಟ್ ಆಫೀಸ್ ಆಪ್ ನೋಡಿ, ಎರಡು ದಿನ ಸುರಿದಿದೆ ಅಂದ್ರೆ ಪೂರ್ತಿ ಸುತ್ತು ಹಾಕೋ ಪ್ಲಾನ್ ಬಿಟ್ಟುಬಿಡಿ, ಕೆಳಗಿನ ಸುಲಭದ ದಾರಿ ಮಾಡಿ. ಫಾಲ್ಸ್ ನೋಡೋಕೆ ಮಳೆ ಬಂದಾಗ್ಲೇ ಚೆಂದ ಅಂತ ನಮ್ಮ ಜೋಗದ ಲೆಕ್ಕ ಇಲ್ಲಿ ಹಾಕ್ಬೇಡಿ. ಜೋಗದಲ್ಲಿ ನಾವು ಕಟಕಟೆ ಆಚೆ ನಿಂತು ನೋಡ್ತೀವಿ, ಇಲ್ಲಿ ಫಾಲ್ಸ್ ಪಕ್ಕದ ಬಂಡೆ ಹಿಡ್ಕೊಂಡು ಹತ್ತೋದೇ ದಾರಿ!

ಹಗಲು ಎಷ್ಟಿದೆ ಅಂತಾನೂ ನೋಡ್ಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ದಾಟಿದ್ರೂ ಬೆಳಕು, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲಾ ಸೂರ್ಯ ಮನೆಗೆ.

ಬಟ್ಟೆ ವಿಷ್ಯ ಚುಟುಕಾಗಿ. ಜೀನ್ಸ್ ಬೇಡ, ಒದ್ದೆಯಾದ್ರೆ ದಿನವಿಡೀ ಒದ್ದೆ. ಮಳೆ ಜಾಕೆಟ್ ಜುಲೈನಲ್ಲೂ ಬೇಕು. ಶೂಗೆ ದುಡ್ಡು ಹಾಕಿ, ಬೇರೆ ಯಾವುದಕ್ಕೂ ಹಾಕ್ದಿದ್ರೂ ಪರ್ವಾಗಿಲ್ಲ, ಅಡಿಯಲ್ಲಿ ಒಳ್ಳೇ ಗ್ರಿಪ್ ಇರೋ ವಾಕಿಂಗ್ ಶೂ ಬೇಕೇ ಬೇಕು. ಸುಣ್ಣದ ಕಲ್ಲು ಒಣಗಿದ್ದಾಗ ಚೆನ್ನಾಗಿ ಹಿಡ್ಕೊಳ್ಳತ್ತೆ, ಒದ್ದೆಯಾದ್ರೆ ಸೋಪು. ಅದೂ ಸಾವಿರಾರು ಜನ ತುಳಿದು ಪಾಲಿಶ್ ಆಗಿರೋ ಜಾಗ ಇದ್ಯಲ್ಲ, ಅದು ನಮ್ಮ ಹಳೇ ಮನೆ ಬಚ್ಚಲಿನ ಕಲ್ಲಿಗಿಂತ ಕಡೆ.

ಊಟಕ್ಕೆ ನಾವು ಚಿತ್ರಾನ್ನ, ಚಪಾತಿ ರೋಲ್, ಒಂದು ಡಬ್ಬಿ ಚಕ್ಕುಲಿ, ಫ್ಲಾಸ್ಕಲ್ಲಿ ಕಾಫಿ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಮನೆಯಿಂದಲೇ ತಗೊಳ್ಳಿ, ಹೊಳೆ ನೀರು ಕನ್ನಡಿ ಥರ ಇರತ್ತೆ ಆದ್ರೆ ಮೇಲ್ಗಡೆ ಪೂರ್ತಿ ಕುರಿ ಮೇಯೋ ಗುಡ್ಡ, ಕುಡೀಬೇಡಿ. ಮ್ಯಾಪ್ ಬೇಕು ಅಂದ್ರೆ ಆರ್ಡ್‌ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ಓಎಲ್ 2, ಪೇಪರ್ ಮ್ಯಾಪ್. ಫೋನ್ ಆಪ್ ಇದ್ರೆ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಕಣಿವೆ ಒಳಗೆ ಸಿಗ್ನಲ್ ನಂಬ್ಕೊಂಡು ಹೋದ್ರೆ ದೇವರೇ ಗತಿ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ನಿಮ್ಮ ಫೋನಿಂದ ಇಲ್ಲಿನ ತುರ್ತು ಸಹಾಯದ ನಂಬರ್ 999ಕ್ಕೆ register ಅನ್ನೋ ಒಂದೇ ಪದ ಇಂಗ್ಲಿಷ್ ಅಕ್ಷರದಲ್ಲಿ ಎಸ್ಸೆಮ್ಮೆಸ್ ಮಾಡಿ, ವಾಪಸ್ ಬರೋ ಮೆಸೇಜಲ್ಲಿ ಹೇಳಿದಂಗೆ ಮಾಡಿ. ಆಮೇಲೆ ಕಾಲ್ ಹೋಗದೇ ಇರೋ ಜಾಗದಲ್ಲೂ ಮೆಸೇಜ್ ಮಾಡಿ ಸಹಾಯ ಕೇಳ್ಬೋದು. ಕಾಲ್ ಹೋದ್ರೆ 999, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ, ಗುಡ್ಡದಲ್ಲಿ ಸಿಕ್ಕಾಕೊಂಡೋರನ್ನ ಕಾಪಾಡೋ ತಂಡ ಅದು. ಸುಮ್ನೆ ಆಂಬುಲೆನ್ಸ್ ಅಂದ್ರೆ ಅದು ರಸ್ತೆವರೆಗೂ ಬರತ್ತೆ ಅಷ್ಟೇ. ಸೀಟಿ ಇದ್ರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ತಲುಪೋದು

ಕಾರಿದ್ರೆ ಸ್ಕಿಪ್ಟನ್ ಮೇಲೆ ಬನ್ನಿ, ಕೊನೆ ಕೆಲವು ಮೈಲಿ ರಸ್ತೆ ನಮ್ಮ ಮಲೆನಾಡಿನ ಊರೊಳಗಿನ ರಸ್ತೆ ಥರ, ಎರಡೂ ಕಡೆ ಕಲ್ಲಿನ ಪಾಗಾರ, ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ಯಾರಾದ್ರೂ ಹಿಂದೆ ಹೋಗ್ಬೇಕು, ಆ ಯಾರಾದ್ರೂ ನೀವೇ. ಹಳ್ಳಿ ಶುರುವಲ್ಲೇ ನ್ಯಾಷನಲ್ ಪಾರ್ಕ್ ಸೆಂಟರ್ ಇದೆ, ಅಲ್ಲೇ ದುಡ್ಡು ಕೊಟ್ಟು ನಿಲ್ಲಿಸೋ ಪಾರ್ಕಿಂಗ್, ಟಾಯ್ಲೆಟ್ಟೂ ಇದೆ. ಬಿಸಿಲಿರೋ ಶನಿವಾರ ಭಾನುವಾರ ಹತ್ತು ಗಂಟೆ ಮೇಲೆ ಬಂದ್ರೆ ಜಾಗ ಸಿಗೋದು ಅದೃಷ್ಟ. ರಸ್ತೆ ಪಕ್ಕ ಹುಲ್ಲಿನ ಮೇಲೆ ಹತ್ತಿಸಿ ನಿಲ್ಲಿಸ್ಬೇಡಿ, ರೈತರ ಗಾಡಿ ಹೋಗಲ್ಲ. ಕಾರಿಲ್ದೋರು ಸ್ಕಿಪ್ಟನ್‌ವರೆಗೆ ಟ್ರೇನಲ್ಲಿ ಬಂದು ಬಸ್ ಹಿಡೀಬೇಕು, ಬಸ್ ಕಮ್ಮಿ, ವಾಪಸ್ ಬರೋ ಕೊನೆ ಬಸ್ ಟೈಮ್ ನೋಡದೆ ಹತ್ತಬೇಡಿ.

ಮೊದಲು ಜಾನೆಟ್ಸ್ ಫಾಸ್

ಎಲ್ರೂ ಬಂದ ತಕ್ಷಣ ಸೀದಾ ದೊಡ್ಡ ಗೋಡೆ ಕಡೆ ಹೋಗ್ತಾರೆ, ಅಂದ್ರೆ ಮ್ಯಾಲಮ್ ಕೋವ್ ಕಡೆಗೆ. ನೀವು ಉಲ್ಟಾ ಹೋಗಿ. ಹೊಳೆ ದಾಟಿ ಕೆಳಗಡೆ ದಕ್ಷಿಣಕ್ಕೆ ಸ್ವಲ್ಪ ನಡೆದು ಎಡಕ್ಕೆ ತಿರುಗಿ ಗದ್ದೆಗಳ ಮಧ್ಯೆ ಹೋಗೋ ದಾರಿ, ಬೋರ್ಡ್ ಇದೆ. ಯಾಕೆ ಉಲ್ಟಾ ಅಂದ್ರೆ ಕಮರೀಲಿ ಫಾಲ್ಸ್ ಪಕ್ಕ ಹತ್ತಬೇಕು ಅಂದ್ನಲ್ಲ, ಅದನ್ನ ಹತ್ತೋದು ಆಗತ್ತೆ, ಇಳಿಯೋದು ಬೇಡ. ಇಳಿಯುವಾಗ ಕಾಲಿಡೋ ಜಾಗ ಕಣ್ಣಿಗೆ ಕಾಣಲ್ಲ.

ಈ ಗದ್ದೆ ದಾರೀಲಿ ಗೇಟುಗಳು ಬರತ್ತೆ. ಕೆಲವು ಕಡೆ ಪಾಗಾರ ಹತ್ತಿ ಇಳಿಯೋ ಕಲ್ಲಿನ ಮೆಟ್ಟಿಲು, ನಮ್ಮಲ್ಲಿ ತಡಮೆ ಅಂತಾರಲ್ಲ ಅದೇ. ಇನ್ನು ಕೆಲವು ಕಡೆ ಒಬ್ಬೊಬ್ಬರೇ ನುಸುಳೋ ಗೇಟು, ಅದಕ್ಕೆ ಕಿಸ್ಸಿಂಗ್ ಗೇಟ್ ಅಂತಾರೆ, ನಮ್ಮತ್ತೆಗೆ ಆ ಹೆಸರು ಹೇಳಕ್ಕೆ ನಾಚಿಕೆಯಾಗಿ "ದಣಪೆ ಅಂದ್ರಾತಪ್ಪ" ಅಂದು ನಾನು ಸುಮ್ನಾದೆ. ರೂಲ್ ಒಂದೇ: ಮುಚ್ಚಿದ್ದ ಗೇಟು ಮುಚ್ಚಿ, ತೆಗೆದಿಟ್ಟಿದ್ರೆ ತೆಗೆದೇ ಬಿಡಿ. ಕಲ್ಲಿನ ಪಾಗಾರದ ಮೇಲೆ ಹತ್ತಿ ಫೋಟೋಗೆ ನಿಲ್ಬೇಡಿ, ಗಾರೆ ಇಲ್ದೆ ಬರೀ ಕಲ್ಲು ಜೋಡಿಸಿ ಕಟ್ಟಿರೋದು ಅದು. ಮಾರ್ಚ್‌ನಿಂದ ಮರಿ ಹಾಕೋ ಕಾಲ, ಮಕ್ಕಳು ಮರಿ ಹಿಂದೆ ಓಡ್ದಂಗೆ ನೋಡ್ಕೊಳ್ಳಿ, ನಾಯಿ ಇದ್ರೆ ಹಗ್ಗದಲ್ಲಿರ್ಲಿ.

ಕೊನೆಗೆ ಸಣ್ಣ ಕಾಡು. ಮೇ ತಿಂಗಳಲ್ಲಿ ಕಾಡಿಗೆ ಕಾಲಿಡೋ ಮುಂಚೆನೇ ಬೆಳ್ಳುಳ್ಳಿ ಒಗ್ಗರಣೆ ವಾಸನೆ, ಕಾಡು ಬೆಳ್ಳುಳ್ಳಿ ಬಿಳಿ ಹೂ ಬಿಟ್ಟು ನೆಲ ಪೂರ್ತಿ ಹರಡಿರತ್ತೆ. ಅಲ್ಲೇ ಮುಂದೆ ಜಾನೆಟ್ಸ್ ಫಾಸ್. ಫಾಸ್ ಅಂದ್ರೆ ಹಳೇ ನಾರ್ಸ್ ಭಾಷೇಲಿ ಜಲಪಾತ, ನಾವು ಅಬ್ಬಿ ಅಂದಂಗೆ. ಹಿಂದಿನ ಗುಹೇಲಿ ಜಾನೆಟ್ ಅನ್ನೋ ಯಕ್ಷಿಣಿಯರ ರಾಣಿ ಇದಾಳೆ ಅಂತ ಕಥೆ, ಕೆಳಗಿನ ಗುಂಡೀಲಿ ಹಿಂದೆ ಕುರಿ ತೊಳೀತಿದ್ರು. ಎತ್ತರ ಏನಿಲ್ಲ, ಆದ್ರೆ ನೀರು ಬೀಳೋ ಆ ಉಬ್ಬಿದ ಬಂಡೆ ನೋಡಿ. ಅದು ಬಂಡೆ ಥರ ಕಂಡ್ರೂ ನೀರು ತಾನೇ ಕಟ್ಕೊಂಡಿರೋದು. ಮೇಲೆ ಕರಗಿಸ್ಕೊಂಡು ಬಂದ ಸುಣ್ಣಾನ ಇಲ್ಲಿ ಪಾಚಿ ಮೇಲೆ ಬಿಟ್ಟು ಬಿಟ್ಟು ಪದರ ಪದರವಾಗಿ ಬೆಳೆದಿದೆ, ಟೂಫಾ ಅಂತಾರೆ. ಅದರ ಮೇಲೆ ಹತ್ತಬೇಡಿ, ಮಕ್ಕಳನ್ನೂ ಹತ್ತಿಸ್ಬೇಡಿ, ಪುಡಿಯಾಗತ್ತೆ.

ಗೋರ್ಡೇಲ್ ಸ್ಕಾರ್, ಇಲ್ಲೇ ತೀರ್ಮಾನ

ಅಬ್ಬಿ ಪಕ್ಕದಿಂದ ಹತ್ತಿ ರಸ್ತೆಗೆ ಬಂದು ಬಲಕ್ಕೆ ತಿರುಗಿ, ಸೇತುವೆ ದಾಟಿ ಸ್ವಲ್ಪ ಮುಂದೆ ಎಡಗಡೆ ಗೇಟು. ಹುಲ್ಲುಗಾವಲು, ಟೆಂಟ್ ಹಾಕೋ ಜಾಗ, ಏನೂ ವಿಶೇಷ ಇಲ್ಲ ಅನ್ಕೊಂಡು ಹೋಗ್ತಾ ಇರ್ತೀರಿ, ಎರಡೂ ಕಡೆ ಗೋಡೆ ಹತ್ರ ಹತ್ರ ಬರತ್ತೆ, ಒಂದು ತಿರುವು ತಿರುಗಿದ್ರೆ ತಲೆ ಮೇಲೆ ನೂರು ಮೀಟರ್ ಎತ್ತರದ ಬಂಡೆ ಒಳಕ್ಕೆ ಬಾಗಿ ನಿಂತಿರತ್ತೆ. ಮಾತೇ ನಿಂತೋಗತ್ತೆ. ಇನ್ನೂರು ವರ್ಷದ ಹಿಂದೆ ಜೇಮ್ಸ್ ವಾರ್ಡ್ ಅನ್ನೋ ಚಿತ್ರಕಾರ ಇದನ್ನ ಗೋಡೆಯಷ್ಟು ದೊಡ್ಡ ಕ್ಯಾನ್ವಾಸಲ್ಲಿ ಬರೆದಿದಾನೆ, ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಫೋನಲ್ಲಿ ತೆಗೆದ್ರೆ ಅದರ ಕಾಲು ಭಾಗನೂ ಬರಲ್ಲ, ನಾನು ಹತ್ತು ಸಲ ಟ್ರೈ ಮಾಡಿದೀನಿ.

ಎದುರಿಗೆ ಫಾಲ್ಸ್ ಎರಡು. ಮೇಲಿಂದು ಬಂಡೆಯಲ್ಲಿರೋ ತೂತಿನಿಂದ ನುಗ್ಗಿ ಬರತ್ತೆ, ಕೆಳಗಿಂದು ಚಿಕ್ಕದು, ಅದರ ಪಕ್ಕದ ಬಂಡೆ ಮೇಲೆ ಕೈಕಾಲು ಎರಡೂ ಉಪಯೋಗಿಸಿ ಹತ್ತಬೇಕು. ಮನೆ ಒಂದು ಮಹಡಿಗಿಂತ ಸ್ವಲ್ಪ ಜಾಸ್ತಿ ಅಂತ ಇಟ್ಕೊಳ್ಳಿ. ಒಣಗಿದ್ದಾಗ ಕೈಗೆ ಕಾಲಿಗೆ ಹಿಡಿತ ಚೆನ್ನಾಗಿ ಸಿಗತ್ತೆ, ಅಭ್ಯಾಸ ಇರೋರಿಗೆ ಐದು ನಿಮಿಷದ ಕೆಲಸ.

ನನ್ನ ಲೆಕ್ಕ ಹೀಗೆ, ಬೇಕಾದ್ರೆ ತಗೊಳ್ಳಿ. ಆ ಬಂಡೆ ಬುಡಕ್ಕೆ ಹೋಗೋಕೇ ಶೂ ಮುಳುಗೋಷ್ಟು ನೀರಲ್ಲಿ ನಡೀಬೇಕಾ, ವಾಪಸ್. ಬಂಡೆ ಮೇಲೇ ನೀರು ಹರೀತಿದ್ಯಾ, ವಾಪಸ್. ಪಕ್ಕದಲ್ಲಿ ನಿಂತೋರಿಗೆ ಕಿರುಚಿ ಹೇಳಬೇಕಾದಷ್ಟು ಸದ್ದಾ, ವಾಪಸ್. ಗುಂಪಲ್ಲಿ ಒಬ್ಬರಿಗೆ ಭಯ ಅಂದ್ರೂ ಎಲ್ರೂ ವಾಪಸ್, "ಅಯ್ಯೋ ಏನಾಗಲ್ಲ ಬಾ" ಅಂತ ಎಳ್ಕೊಂಡು ಹೋಗೋದು ಬೇಡ, ಅರ್ಧದಲ್ಲಿ ಸಿಕ್ಕಾಕೊಂಡೋರನ್ನ ಇಳಿಸೋದು ಹತ್ತಿಸೋದಕ್ಕಿಂತ ಕಷ್ಟ. ನಾನು ಬಂದ ಹೊಸತರಲ್ಲಿ ಹೆಂಡತಿ ಮುಂದೆ ಹೀರೋ ಆಗೋಕೆ ಹೋಗಿ ನಡುವೆ ನಿಂತ್ಕೊಂಡು, ಹಿಂದೆ ಹನ್ನೆರಡು ವರ್ಷದ ಇಂಗ್ಲಿಷ್ ಹುಡುಗಿ ಒಬ್ಳು "ಎಡಗಾಲು ಸ್ವಲ್ಪ ಮೇಲಕ್ಕಿಡಿ" ಅಂತ ಹೇಳಿಕೊಟ್ಟು ಹತ್ತಿಸಿದ್ಲು. ಅದು ಮನೇಲಿ ಇನ್ನೂ ಮುಗಿದಿಲ್ಲ. ಮತ್ತೆ ಬಂಡೆ ಬುಡದಲ್ಲಿ ಕೂತು ಊಟ ಮಾಡ್ಬೇಡಿ, ಮೇಲಿಂದ ಕಲ್ಲು ಉದುರತ್ತೆ, ನೆರಳಿದೆ ಅಂತ ಕೂರೋ ಜಾಗ ಅಲ್ಲ.

ವಾಪಸ್ ಬಂದ್ರೆ ದಿನ ಹಾಳಾಯ್ತು ಅಂತಲ್ಲ. ಸೇತುವೆವರೆಗೆ ಬಂದು, ಅಲ್ಲಿಂದ ಗದ್ದೆ ಮೇಲೆ ಗುಡ್ಡದ ಕಡೆ ಹತ್ತೋ ಕಾಲುದಾರಿ ಹಿಡಿದ್ರೆ ಸೀದಾ ಕೋವ್ ತಲೆ ಮೇಲೆ ಹೋಗತ್ತೆ. ಈ ಸಣ್ಣ ಸುತ್ತು ಸುಮಾರು 8 ಕಿಲೋಮೀಟರ್. ಕಮರಿ ಹತ್ತಿ ಕೆರೆ ನೋಡ್ಕೊಂಡು ಬರೋ ದೊಡ್ಡ ಸುತ್ತು 13 ಹತ್ರ ಹತ್ರ, ಊಟ ಫೋಟೋ ಎಲ್ಲಾ ಸೇರಿ ಐದು ತಾಸು ಇಟ್ಕೊಳ್ಳಿ.

ಮೇಲಿನ ಬಯಲು, ಮಾಯವಾಗೋ ಹೊಳೆ

ಹತ್ತಿದ ಮೇಲೆ ಗಾಳಿ. ಕೆಳಗೆ ಟೀ ಶರ್ಟಲ್ಲಿದ್ದೋರು ಇಲ್ಲಿ ಸ್ವೆಟರ್ ಹುಡುಕ್ತಾರೆ. ಹುಲ್ಲು, ಕಲ್ಲು, ಕುರಿ, ದಾರಿ ಸ್ಪಷ್ಟ ಇದೆ, ಮಂಜು ಬಂದ್ರೆ ಮಾತ್ರ ಮ್ಯಾಪ್ ತೆಗೀರಿ. ಮುಂದೆ ಮ್ಯಾಲಮ್ ಟಾರ್ನ್ ಅನ್ನೋ ಕೆರೆ, 377 ಮೀಟರ್ ಎತ್ತರದಲ್ಲಿ. ಸುಣ್ಣದ ಕಲ್ಲು ನೀರೆಲ್ಲಾ ಕುಡಿಯತ್ತೆ ಅಂದ್ಮೇಲೆ ಇಲ್ಲಿ ಕೆರೆ ಹೆಂಗೆ ನಿಂತಿದೆ ಅಂತ ನನ್ನ ಮಗನೇ ಕೇಳ್ದ. ಕೆರೆ ತಳದಲ್ಲಿ ಸುಣ್ಣದ ಕಲ್ಲಿಲ್ಲ, ನೀರು ಇಳಿಯದ ಹಳೇ ಸ್ಲೇಟ್ ಕಲ್ಲಿದೆ, ಅದಕ್ಕೆ ನಿಂತಿದೆ. ಕೆರೆಯಿಂದ ಹೊರಟ ಹೊಳೆ ರಸ್ತೆ ದಾಟಿ ಸ್ವಲ್ಪ ದೂರ ಹೋಗಿ ಸ್ಲೇಟ್ ಮುಗಿದು ಸುಣ್ಣದ ಕಲ್ಲು ಬಂದ ಕೂಡ್ಲೇ ಕಲ್ಲುಗಳ ಮಧ್ಯೆ ಇಂಗಿ ಮಾಯ. ವಾಟರ್ ಸಿಂಕ್ಸ್ ಅಂತ್ಲೇ ಹೆಸರು. ಹತ್ತು ನಿಮಿಷ ನಿಂತು ನೋಡಿ, ನನಗಂತೂ ದೊಡ್ಡ ಗೋಡೆಗಿಂತ ಇದೇ ಜಾಸ್ತಿ ಇಷ್ಟ.

ಅಲ್ಲಿಂದ ಹೊಳೆ ಇಲ್ಲದ ಹೊಳೆ ದಾರಿ, ವಾಟ್ಲೋಸ್ ಅನ್ನೋ ಒಣ ಕಣಿವೆ. ಶುರುವಲ್ಲಿ ಕಡಿದಾದ ಕಲ್ಲಿನ ಇಳಿಜಾರು, ಮಂಡಿ ನೋವಿರೋರು ನಿಧಾನ.

ಕೋವ್ ತಲೆ ಮೇಲೆ

ಕಣಿವೆ ಮುಗಿದ ತಕ್ಷಣ ನೆಲ ಪೂರ್ತಿ ಕಲ್ಲಿನ ಹಾಸು, ಚಾಕಲೇಟ್ ಬಾರ್ ಥರ ತುಂಡು ತುಂಡು. ತುಂಡಿಗೆ ಕ್ಲಿಂಟ್, ಮಧ್ಯದ ಸಂದಿಗೆ ಗ್ರೈಕ್ ಅಂತಾರೆ. ಸಂದಿ ಒಳಗೆ ಗಾಳಿ ಬಿಸಿಲು ತಾಗದೆ ಜರೀಗಿಡಗಳು ತಣ್ಣಗೆ ಬೆಳ್ಕೊಂಡಿರತ್ತೆ, ಬಗ್ಗಿ ನೋಡಿ. ಕಲ್ಲು ಕೀಳೋದು, ಮನೆಗೆ ತರೋದು ಅಪರಾಧ, ಈ ಹಾಸುಗಲ್ಲಿಗೆ 1981ರ ವನ್ಯಜೀವಿ ಕಾಯ್ದೆ ಪ್ರಕಾರ ರಕ್ಷಣೆ ಇದೆ.

ಇಲ್ಲಿ ನಡೆಯೋ ಕ್ರಮ: ನಡೀವಾಗ ನೋಟ ನೋಡ್ಬೇಡಿ, ನೋಟ ನೋಡುವಾಗ ನಡೀಬೇಡಿ. ಫೋನ್ ಜೇಬಲ್ಲಿ. ನಾನು ವೀಡಿಯೋ ಮಾಡ್ತಾ ನಡೆದು ಜಾರಿ ಫೋನ್ ಸಂದಿಗೆ ಬಿತ್ತು, ಭುಜದವರೆಗೂ ಕೈ ಹಾಕಿದ್ರೂ ಸಿಗ್ಲಿಲ್ಲ, ಅರ್ಧ ಗಂಟೆ ಹೊಟ್ಟೆ ಮೇಲೆ ಮಲಗಿ ಟ್ರೆಕ್ಕಿಂಗ್ ಕೋಲಿಗೆ ಶೂ ಲೇಸ್ ಕಟ್ಟಿ ತೆಗೆದಿದ್ದು. ಮಳೆ ಬಂದಿದ್ರೆ ಕಲ್ಲಿನ ಮೇಲೆ ಹೋಗದೆ ಹಿಂದಿನ ಹುಲ್ಲಿನ ಕಡೆಯಿಂದ ಸುತ್ತಿ ಬನ್ನಿ. ಅಂಚಿಗೆ ಯಾವ ಬೇಲಿನೂ ಇಲ್ಲ. ಮಕ್ಕಳ ಕೈ ಬಿಡಬೇಡಿ, ಅಂಚಲ್ಲಿ ಕಾಲು ಇಳಿಬಿಟ್ಟು ಫೋಟೋ ತೆಗೆಸ್ಕೊಳ್ಳೋ ಆಸೆ ಇರೋ ದೊಡ್ಡವರದ್ದೂ.

ಪಶ್ಚಿಮ ಕಡೆ ಸುಮಾರು 400 ಮೆಟ್ಟಿಲು ಇಳಿದ್ರೆ ಗೋಡೆ ಬುಡ. ಇದೆಲ್ಲಾ ಪೆನ್ನೈನ್ ವೇ ಅನ್ನೋ 268 ಮೈಲಿ ಉದ್ದದ ಕಾಲುದಾರಿಯ ಭಾಗ, ಆ ದಾರಿ 1965ರಲ್ಲಿ ಉದ್ಘಾಟನೆ ಆಗಿದ್ದೂ ಇಲ್ಲೇ ಮೇಲಿನ ಬಯಲಲ್ಲಿ. ವಸಂತದಲ್ಲಿ ಗೋಡೆ ಮೇಲೆ ಪೆರೆಗ್ರಿನ್ ಫಾಲ್ಕನ್ ಗೂಡು ಕಟ್ಟತ್ತೆ, ಬೈನಾಕ್ಯುಲರ್ ಇದ್ರೆ ತನ್ನಿ.

ನಡೆಯಕ್ಕಾಗದ ಅಪ್ಪ ಅಮ್ಮನಿಗೆ, ತಳ್ಳುಗಾಡಿ ಮಗುವಿಗೆ: ಹಳ್ಳಿಯಿಂದ ಗೋಡೆ ಬುಡದವರೆಗೆ ಒಂದು ಕಿಲೋಮೀಟರ್ ಚಿಲ್ಲರೆ, ಹೆಚ್ಚುಕಮ್ಮಿ ಸಮತಟ್ಟು. ಅವರು ಹೊಳೆ ಪಕ್ಕ ಚಿತ್ರಾನ್ನ ಇಟ್ಕೊಂಡು ಕೂತಿರ್ಲಿ, ನೀವು ಸುತ್ತು ಹಾಕಿ ಮೇಲಿಂದ ಇಳ್ದು ಬಂದು ಸೇರ್ಕೊಳ್ಳಿ. ನಮ್ಮ ಮಾವ ಮೂರು ಸಲ ಬಂದಿದಾರೆ, ಒಂದ್ಸಲಾನೂ ಹತ್ತಿಲ್ಲ, ಎಲ್ಲರಿಗಿಂತ ಖುಷಿಯಾಗಿ ಅವರೇ ವಾಪಸ್ ಬಂದಿದ್ದು.

ಆ ಬುಡದಿಂದ ಬರೋ ಹೊಳೆ ನೋಡಿ ಎಲ್ರೂ ಅನ್ಕೊಳ್ಳೋದು, ಮೇಲೆ ಮಾಯವಾಗಿದ್ದು ಇದೇ ನೀರು ಅಂತ. ಅಲ್ಲ. ಬಣ್ಣ ಹಾಕಿ ಪರೀಕ್ಷೆ ಮಾಡಿ ನೋಡಿದಾರೆ, ಕೆರೆ ನೀರು ನೆಲದೊಳಗೇ ಈ ಗೋಡೆನೂ ಹಳ್ಳಿನೂ ದಾಟಿ ದಕ್ಷಿಣಕ್ಕೆ ಏರ್ ಹೆಡ್ ಅನ್ನೋ ಜಾಗದಲ್ಲಿ ಬುಗ್ಗೆ ಆಗಿ ಏಳತ್ತೆ, ಗೋಡೆ ಬುಡದ್ದು ಇನ್ನೆಲ್ಲೋ ಇಂಗಿದ ನೀರು. ಕಾಲಲ್ಲಿ ಶಕ್ತಿ ಉಳಿದಿದ್ರೆ ಹಳ್ಳಿಯಿಂದ ಹೊಳೆ ಪಕ್ಕ ಹತ್ತು ಹದಿನೈದು ನಿಮಿಷ ನಡೆದು ಅದನ್ನೂ ನೋಡ್ಬೋದು. ಮಗ ಹೋದ ವರ್ಷ ಮೇಲೆ ವಾಟರ್ ಸಿಂಕ್ಸಲ್ಲಿ ಒಂದು ಎಲೆ ಬಿಟ್ಟು ಬಂದಿದ್ದ, ಇಲ್ಲಿ ಬಂದು ಅದಕ್ಕೇ ಕಾಯ್ತಾ ಕೂತ. ಬುಗ್ಗೆ ಸುಮ್ನೆ ಬುಳುಬುಳು ಅಂತಿತ್ತು, ಎಲೆ ಬರ್ಲಿಲ್ಲ, ಪಾರ್ಕಿಂಗ್ ಟೈಮ್ ಮುಗೀತು ಅಂತ ಹೆಂಡತಿ ಫೋನ್ ಮಾಡಿದ್ಮೇಲೆ ಎಬ್ಬಿಸ್ಕೊಂಡು ಬಂದೆ.